ಉಪ್ಪುನೀರು ಹೆಪ್ಪುಗಟ್ಟುವಾಗ ಉಪ್ಪು ಎಲ್ಲಿ ಸೇರುತ್ತದೆ? ಫ್ರೀಜರ್‌ನಲ್ಲಿ ಅಳೆದ ಬಗೆ

35 ಗ್ರಾಂ ಕಲ್ಲುಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಒಟ್ಟು 1 ಲೀಟರ್ ಮಾಡಿಕೊಳ್ಳುತ್ತೇನೆ. ಹೆಚ್ಚುಕಡಿಮೆ ಸಮುದ್ರದ ನೀರಿನಷ್ಟೇ ಉಪ್ಪು. ಇದನ್ನು ಸ್ಟೀಲ್ ಪಾತ್ರೆಯಲ್ಲಿ ಹಾಗೇ ಫ್ರೀಜರ್‌ಗೆ ಇಟ್ಟರೆ ಸುತ್ತಲಿಂದಲೂ ಮಂಜುಗಡ್ಡೆ ಕಟ್ಟುತ್ತಾ ಬಂದು, ಕಡು ಉಪ್ಪುನೀರು ನಡುವೆ ಸಿಕ್ಕಿಬೀಳುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೂ ಪಕ್ಕಕ್ಕೂ ಥರ್ಮೊಕೋಲ್ ಕೊಟ್ಟು ಬಾಯಿ ಮಾತ್ರ ತೆರೆದಿಟ್ಟರೆ ಮೇಲಿಂದ ಕೆಳಕ್ಕೆ ಕಟ್ಟುತ್ತದೆ. ಗಾಜು ಬೇಡ, ಒಡೆಯುತ್ತದೆ.

ಮಂಜುಗಡ್ಡೆಯ ಹರಳಿನೊಳಗೆ ಉಪ್ಪಿಗೆ ಜಾಗವಿಲ್ಲ. ಹೊರಬಿದ್ದ ಉಪ್ಪು ಅಡಿಯ ನೀರನ್ನು ಸೇರಿ, ಆ ನೀರು ಭಾರವಾಗಿ ತಳಕ್ಕಿಳಿಯುತ್ತದೆ. ನಾಲ್ಕು ಹನಿ ನೀಲಿ ಅಡುಗೆ ಬಣ್ಣ ಹಾಕಿಟ್ಟರೆ ಇದು ಕಣ್ಣಿಗೇ ಕಾಣುತ್ತದೆ: ಗಡ್ಡೆ ಬಿಳಿಚಿಕೊಂಡಿರುತ್ತದೆ, ಅದರೊಳಗೆ ಕೂದಲೆಳೆಯಂಥ ನೀಲಿ ಗೆರೆಗಳು ಕೆಳಮುಖವಾಗಿ ಇಳಿದಿರುತ್ತವೆ. ಕಡು ಉಪ್ಪುನೀರು ಉಳಿದುಕೊಂಡ ಸಂದುಗಳು ಅವು. ಬೇಗ ಹೆಪ್ಪುಗಟ್ಟಿದಷ್ಟೂ ಇಂಥ ಸಂದು ಹೆಚ್ಚು.

ರಾತ್ರಿ ಇಟ್ಟು ಬೆಳಿಗ್ಗೆ ನೋಡಿ, ಅರ್ಧದಷ್ಟು ಗಡ್ಡೆಯಾದ ಕೂಡಲೇ ತೆಗೆಯಬೇಕು. ಪೂರ್ತಿ ಬಿಟ್ಟರೆ ಬೇರ್ಪಡಿಸಲು ಏನೂ ಸಿಗದು. ಆಗಲೂ ಎಲ್ಲವೂ ಗಟ್ಟಿಯಾಗಿರುವುದಿಲ್ಲ ಅನ್ನಿ. ಉಪ್ಪುನೀರು ಪೂರ್ತಿ ಗಟ್ಟಿಯಾಗಲು ಮೈನಸ್ 21.1 ಡಿಗ್ರಿಗಿಂತ ಕೆಳಗೆ ಹೋಗಬೇಕು. ಮನೆಯ ಫ್ರೀಜರ್ ಮೈನಸ್ 18ರಲ್ಲಿ ನಿಲ್ಲುವುದರಿಂದ ಸುಮಾರು 165 ಗ್ರಾಂ ಕಡು ಉಪ್ಪುನೀರು, ಅಂದರೆ ತೂಕದಲ್ಲಿ ಶೇ. 21ರಷ್ಟು ಉಪ್ಪಿರುವುದು, ಗಡ್ಡೆಯೊಳಗೆ ದ್ರವವಾಗಿಯೇ ಇರುತ್ತದೆ.

ಉಳಿದ ನೀರನ್ನು ಬಗ್ಗಿಸಿ, ಗಡ್ಡೆಯನ್ನು ತಣ್ಣೀರಲ್ಲಿ ಎರಡೇ ಸೆಕೆಂಡು ಅದ್ದಿ ತೆಗೆಯುತ್ತೇನೆ. ಹಿಗ್ಗುವ ಗಡ್ಡೆಯ ಒತ್ತಡಕ್ಕೆ ಉಪ್ಪುನೀರು ಅಂಚಿನಿಂದ ಮೇಲಕ್ಕೆ ಉಕ್ಕಿ ಅಂಟಿರುತ್ತದೆ, ಅದು ಅಳತೆಯನ್ನು ಕೆಡಿಸುತ್ತದೆ.

ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ಇಷ್ಟು ಉಪ್ಪನ್ನು ನೇರವಾಗಿ ತೋರಿಸಲಾರದು. ಬಗ್ಗಿಸಿಟ್ಟ ನೀರು, ಗಡ್ಡೆ ಪೂರ್ತಿ ಕರಗಿದ ನೀರು, ಈ ಎರಡೂ ಮಾದರಿ ಕೋಣೆಯ ಬಿಸಿಗೆ ಬಂದ ಮೇಲೆ ಒಂದೊಂದರಿಂದ 10 ಮಿಲೀ ತೆಗೆದು, ಭಟ್ಟಿ ಇಳಿಸಿದ ನೀರು ಸೇರಿಸಿ 500 ಮಿಲೀ ಮಾಡಿ ಅಳೆದು, 50ರಿಂದ ಗುಣಿಸಬೇಕು. ಲೀಟರಿಗೆ 1 ಗ್ರಾಂ ಉಪ್ಪಿನ ನೀರನ್ನೂ ಅದೇ ಮೀಟರಲ್ಲಿ ಅಳೆದು ಹೋಲಿಸಿಕೊಳ್ಳಿ.

ಕೊನೆಗೆ ಲೆಕ್ಕ ಕೂಡಬೇಕು. ಉಳಿದ ಅರ್ಧ ಲೀಟರ್ ನೀರಿನಲ್ಲಿ ಲೀಟರಿಗೆ 50 ಗ್ರಾಂ ಬಂದರೆ ಅಲ್ಲಿರುವುದು 25 ಗ್ರಾಂ. ಮಿಕ್ಕ 10 ಗ್ರಾಂ ಗಡ್ಡೆಯಲ್ಲಿರಬೇಕು. ಒಟ್ಟು 35 ಬರದಿದ್ದರೆ ಅಳತೆ ತಪ್ಪಿದೆ, ಮತ್ತೆ ಮಾಡಿ.

ಗಡ್ಡೆಯನ್ನು ಜರಡಿಯ ಮೇಲಿಟ್ಟು ನಿಧಾನ ಕರಗಿಸಿದರೆ ಸಂದುಗಳು ಅಗಲವಾಗಿ ಮೊದಲು ಬಸಿಯುವ ಹನಿಗಳಲ್ಲೇ ಹೆಚ್ಚು ಉಪ್ಪು. ಆ ಹನಿಗಳನ್ನು ಬೇರೆ ಲೋಟದಲ್ಲಿ ಹಿಡಿಯಿರಿ.