ಬೈಪಾಸ್ ಆದ ಮೇಲೆ ಮರೆವು ಮತ್ತು ಮುಂಗೋಪ: ನನ್ನ ಅನುಭವ

ಬೈಪಾಸ್ ಆದವರು ಎದೆಯ ಗಾಯದ ಕಥೆಯನ್ನು ಕೇಳಿದವರಿಗೆಲ್ಲ ಹೇಳುತ್ತಾರೆ. ಹೃದಯಕ್ಕೆ ಜೋಡಿಸಲು ರಕ್ತನಾಳ ತೆಗೆದ ಕಾಲಿನ ಊತದ ಬಗ್ಗೆಯೂ ಹೇಳುತ್ತಾರೆ. ಆದರೆ ಓದಿದ ಪುಟ ತಲೆಯಲ್ಲಿ ನಿಲ್ಲುತ್ತಿಲ್ಲ, ಸುಮ್ನೆ ಕೂತಲ್ಲೇ ಅಳು ಬರುತ್ತದೆ ಎಂದು ಹೇಳುವವರು ಕಡಿಮೆ. ನನಗೆ ಎರಡೂ ಆದವು. ನಾನು ಲೆಕ್ಕಪತ್ರ ತಪಾಸಣೆಯ ಕೆಲಸದವನು. ತಲೆ ಓಡದಿದ್ದರೆ ನನ್ನ ಹೊಟ್ಟೆಪಾಡೇ ಇಲ್ಲ. ಹಾಗಾಗಿ ಇದನ್ನು ವಯಸ್ಸಾಯ್ತು ಎಂದು ಬಿಟ್ಟುಬಿಡುವಂತಿರಲಿಲ್ಲ.

ಐಸಿಯುನಲ್ಲೇ ಶುರುವಾಯಿತು. ರಾತ್ರಿ ಚಾವಣಿಯ ಚೌಕಗಳು ಒಂದರೊಳಗೊಂದು ಸರಿಯುತ್ತಿದ್ದವು. ನನಗೆ ಹಾಕಿದ ನಳಿಗೆಗಳು ಬೇರೆ ಯಾರದ್ದೋ, ತಪ್ಪಿ ನನಗೆ ಹಾಕಿದ್ದಾರೆ ಎಂದು ಗಟ್ಟಿಯಾಗಿ ನಂಬಿದ್ದೆ. ಬೆಳಿಗ್ಗೆ ಸರಿಯಾಗಿರುತ್ತಿದ್ದೆ, ಕತ್ತಲಾದರೆ ಮತ್ತೆ ಅದೇ. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ದೊಡ್ಡ ಆಪರೇಷನ್ ಆದ ಮೇಲೆ, ಅದರಲ್ಲೂ ವಯಸ್ಸಾದವರಲ್ಲಿ, ಇದು ಸಾಮಾನ್ಯ. ನೋವು, ನಿದ್ದೆಗೇಡು, ಮಂಪರು ತರಿಸುವ ಔಷಧಿ ಎಲ್ಲ ಸೇರಿ ಆಗುವಂಥದ್ದು. ಅಲ್ಲಿದ್ದ ನರ್ಸ್ ಒಬ್ಬರು ಮೊದಲು ಮಾಡಿದ ಕೆಲಸ ನನ್ನ ಕನ್ನಡಕ ಹಾಕಿದ್ದು. ಆಮೇಲೆ ಪ್ರತಿ ಸಲ ಬಂದಾಗಲೂ ಇವತ್ತು ಯಾವ ವಾರ, ಈಗ ಎಷ್ಟು ಗಂಟೆ, ನೀವು ಎಲ್ಲಿದ್ದೀರಿ ಎಂದು ಹೇಳಿ ಹೋಗುತ್ತಿದ್ದರು. ಅಷ್ಟೇ. ವಾರ್ಡಿಗೆ ಬರುವಷ್ಟರಲ್ಲಿ ತಿಳಿಯಾಗಿದ್ದೆ.

ಮನೆಗೆ ಬಂದ ಮೇಲಿನದು ಬೇರೆ ಥರ. ಬಿಲ್ಲಿನ 6 ಅಂಕಿಯ ನಂಬರ್ ನೋಡಿ ಕಂಪ್ಯೂಟರಿನತ್ತ ತಿರುಗುವಷ್ಟರಲ್ಲಿ ಕೊನೆಯ ಮೂರು ಅಂಕಿ ಹಾರಿಹೋಗುತ್ತಿದ್ದವು. ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬರ ಮಾತೂ ತಲೆಗೆ ಹೋಗುತ್ತಿರಲಿಲ್ಲ. ಹಳೆಯದೆಲ್ಲ ನೆನಪಿತ್ತು, ವಿಚಿತ್ರ ಅಂದರೆ ಅದೇ. ಎಂದೋ ತಪಾಸಣೆ ಮಾಡಿದ ಲೆಕ್ಕದ ತಕರಾರು ಈಗಲೂ ಹೇಳಬಲ್ಲೆ, ಐದು ನಿಮಿಷದ ಹಿಂದೆ ಹೆಂಡತಿ ಹೇಳಿದ್ದು ಇಲ್ಲ.

ಕಾರಣ ಹುಡುಕಹೊರಟರೆ ಎಲ್ಲರೂ ಹಾರ್ಟ್-ಲಂಗ್ ಮೆಷಿನ್ ಕಡೆ ಬೆರಳು ತೋರಿಸುತ್ತಾರೆ. ಹೃದಯ ನಿಲ್ಲಿಸಿ ರಕ್ತವನ್ನು ಹೊರಗಿನ ಯಂತ್ರದಲ್ಲಿ ತಿರುಗಿಸುವಾಗ ಸಣ್ಣ ಗುಳ್ಳೆ, ಸಣ್ಣ ಹೆಪ್ಪು ಮೆದುಳಿಗೆ ಹೋಗಬಹುದು ಎನ್ನುವುದು ವಾದ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಎಲ್ಲರನ್ನೂ ಗಾಬರಿಗೊಳಿಸಿತು. ಡಿಸ್ಚಾರ್ಜ್ ಹೊತ್ತಿಗೆ ನೆನಪು, ಗಮನದ ಪರೀಕ್ಷೆಗಳಲ್ಲಿ ಶೇ. 53 ಜನ ಹಿಂದೆ ಬಿದ್ದಿದ್ದರು. ಆರು ತಿಂಗಳಿಗೆ ಅದು ಶೇ. 24ಕ್ಕೆ ಇಳಿಯಿತು. ಐದು ವರ್ಷಕ್ಕೆ ಮತ್ತೆ ಶೇ. 42. ಈ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ಹೆದರಿಸುವವರು ಜಾಸ್ತಿ. ಆದರೆ ಆ ಅಧ್ಯಯನದಲ್ಲಿ ಆಪರೇಷನ್ ಆಗದವರ ಗುಂಪು ಹೋಲಿಕೆಗೆ ಇರಲಿಲ್ಲ. ಆಮೇಲೆ ಅಮೆರಿಕದ್ದೇ ಆದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಬೈಪಾಸ್ ಆದವರನ್ನೂ, ಅದೇ ಕಾಯಿಲೆಗೆ ಬರೀ ಮಾತ್ರೆ ತಗೊಂಡವರನ್ನೂ ಆರು ವರ್ಷ ನೋಡಿದರು. ಕುಸಿತ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಯಂತ್ರವಿಲ್ಲದೆ, ಬಡಿಯುವ ಹೃದಯದ ಮೇಲೇ ಮಾಡುವ ಬೈಪಾಸ್‌ನಿಂದಲೂ ಐದು ವರ್ಷದ ಹೊತ್ತಿಗೆ ನೆನಪಿನ ವಿಷಯದಲ್ಲಿ ಲಾಭ ಕಾಣಲಿಲ್ಲ ಎಂದು ನೆದರ್ಲೆಂಡ್ಸ್‌ನ ಅಧ್ಯಯನ ತೋರಿಸಿತು. ಅಂದರೆ ಮುಂದಿನ ವರ್ಷಗಳ ಮರೆವಿನಲ್ಲಿ ಬಿಪಿ, ಸಕ್ಕರೆ, ರಕ್ತನಾಳದ ಕೊಬ್ಬಿನ ಪಾಲೇ ದೊಡ್ಡದು ಅಂತ ಕಾಣುತ್ತದೆ. ಲೆಕ್ಕದವನಿಗೆ ಇದು ಸಮಾಧಾನ ಕೊಟ್ಟಿತು. ಕೈಯಲ್ಲಿ ಮಾಡಬಹುದಾದ ಕೆಲಸ ಇದೆ ಅಂತ ಆಯಿತಲ್ಲ.

ನಾನು ಮಾಡಿದ್ದು ಇಷ್ಟು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದೆ: ರಾತ್ರಿ ನಿದ್ದೆ ಎಷ್ಟು, ನೋವು ಎಷ್ಟು, ಇವತ್ತು ಏನು ತಪ್ಪಿತು. ಕೆಲವು ವಾರ ಬರೆದ ಮೇಲೆ ಹಿಂದಕ್ಕೆ ಓದಿದರೆ ಚಿತ್ರ ಎದ್ದು ಕಾಣುತ್ತಿತ್ತು. ಎದೆಮೂಳೆ ಕೂಡಿಕೊಳ್ಳುವ ತನಕ ಅಂಗಾತವೇ ಮಲಗಬೇಕಿತ್ತು, ನಿದ್ದೆ ಚೂರುಚೂರು. ನಿದ್ದೆ ಕೆಟ್ಟ ಮಾರನೇ ದಿನವೇ ತಪ್ಪುಗಳ ಸಾಲು ಉದ್ದ. ಮನಸ್ಸು ಭಾರವಾಗಿದ್ದ ದಿನಗಳೂ ಹಾಗೆಯೇ. ನನ್ನ ನೆನಪು ಕೆಟ್ಟಿರಲಿಲ್ಲ, ಹೇಳಿದ್ದು ಒಳಗೇ ಇಳಿಯುತ್ತಿರಲಿಲ್ಲ. ಇಳಿಯದ್ದು ಮರೆಯುವುದು ಹೇಗೆ, ಅಲ್ವಾ?

ಅಲ್ಲಿಂದ ನಾನು ಮನಸ್ಸಿನ ಕಡೆಗೇ ಮೊದಲು ಗಮನ ಕೊಟ್ಟೆ. ನೋಟ್‌ಬುಕ್ಕಿನ ಸಮೇತ ಡಾಕ್ಟರ ಹತ್ತಿರ ಹೋದೆ. ಅವರು ಹಿಮೋಗ್ಲೋಬಿನ್, ಥೈರಾಯಿಡ್, ಬಿ12 ನೋಡಿಸಿದರು. ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ ಅಂದರು. ಅಲರ್ಜಿಗೆ ತಗೊಳ್ಳುತ್ತಿದ್ದ, ಮಂಪರು ಬರಿಸುವ ಮಾತ್ರೆಯನ್ನು ಬೇರೆ ಮಾಡಿಟ್ಟು ಇದು ಬೇಡ ಎಂದರು. ಆಮೇಲೆ ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳ ಹಾಳೆ ಕೊಟ್ಟರು. 27ಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರಬಹುದು, ವಿಚಾರಿಸಬೇಕು ಎಂದು ಲೆಕ್ಕ. ನಾನು ದಾಟಿದ್ದೆ. ಬೈಪಾಸ್ ಆದ ಐವರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ, ಅದು ನಿಮ್ಮ ಸ್ವಭಾವದ ದೋಷ ಅಲ್ಲ ಅಂದರು. ಆಪ್ತಸಲಹೆಗೆ ಹೋಗತೊಡಗಿದೆ, ಹೃದ್ರೋಗಿಗಳಿಗೆಂದೇ ಇರುವ ವ್ಯಾಯಾಮದ ತರಗತಿಗೂ ಸೇರಿದೆ. ನನ್ನ ಮಟ್ಟಿಗೆ ಹೇಳುವುದಾದರೆ ನಡಿಗೆಯಷ್ಟು ಫಲ ಕೊಟ್ಟದ್ದು ಇನ್ನೊಂದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬೈಪಾಸ್ ನಂತರ ಖಿನ್ನತೆ ಬಂದವರಿಗೆ ನರ್ಸ್‌ಗಳು ಫೋನಿನಲ್ಲೇ ವಿಚಾರಿಸಿಕೊಂಡು ಚಿಕಿತ್ಸೆಗೆ ಜೊತೆಯಾದರು. ಅಷ್ಟರಿಂದಲೇ ಮನಸ್ಸೂ ದೇಹವೂ ಚೇತರಿಸಿದ್ದು 2009ರಲ್ಲಿ ವರದಿಯಾಯಿತು. ಕೇಳುವವರೊಬ್ಬರು ಇದ್ದರೆ ಎಷ್ಟು ವ್ಯತ್ಯಾಸ ನೋಡಿ.

ಸಿಟ್ಟಿನ ಪಾಲು ಮನೆಯವರದ್ದು. ಚಮಚ ಬಿದ್ದ ಸದ್ದಿಗೆ ರೇಗುತ್ತಿದ್ದೆ, ಮರುಕ್ಷಣ ಕಣ್ಣಲ್ಲಿ ನೀರು. ಮಗಳು ಒಂದು ದಿನ, "ಅಪ್ಪಾ, ನಿಮಗೆ ಸಿಟ್ಟು ಬಂದಿದ್ಯೋ, ಸುಸ್ತಾಗಿದ್ಯೋ?" ಅಂತ ಕೇಳಿದಳು. ಹತ್ತರಲ್ಲಿ ಎಂಟು ಸಲ ಸುಸ್ತೇ. ಹೆಂಡತಿ ಅಡುಗೆಮನೆಯಿಂದ ಕೂಗಿ ಹೇಳುವುದನ್ನು ಬಿಟ್ಟಳು. ಎದುರಿಗೆ ಬಂದು ಒಂದೇ ವಿಷಯ ಹೇಳಿ, "ಏನಂದೆ ಹೇಳಿ ನೋಡೋಣ" ಅನ್ನುತ್ತಿದ್ದಳು. ಮೊದಮೊದಲು ಸ್ಕೂಲ್ ಹುಡುಗನ ಥರ ಅನ್ನಿಸಿ ಕೋಪ ಬರುತ್ತಿತ್ತು. ಆದರೆ ಬಾಯಿಬಿಟ್ಟು ತಿರುಗಿ ಹೇಳಿದ್ದು ನಿಲ್ಲುತ್ತಿತ್ತು.

ಕೆಲಸಕ್ಕೆ ಮರಳಲು ಹಳೆಯ ವರ್ಷದ, ಮುಗಿದ ಲೆಕ್ಕಗಳನ್ನೇ ತಗೊಂಡೆ. ಉತ್ತರ ಗೊತ್ತಿದ್ದ ಲೆಕ್ಕ. ಬೆಳಗಿನ ಹೊತ್ತು, ಫೋನ್ ಆಫ್, ಅಂಕಿಗಳನ್ನು ಮೂರು ಮೂರಾಗಿ ಒಡೆದು ಗಟ್ಟಿಯಾಗಿ ಓದುವುದು, ಆದದ್ದಕ್ಕೆ ಪೆನ್ಸಿಲ್ಲಿನ ಗುರುತು. ತಾಳೆ ಆಗದಿದ್ದರೆ ಎಲ್ಲಿ ಜಾರಿತು ಎಂದು ಹುಡುಕುವುದೇ ಪಾಠ. ಮೊಬೈಲಿನ ಮೆದುಳಿನ ಆಟಗಳನ್ನೂ ಆಡಿದೆ. ಆಟದಲ್ಲಿ ಚುರುಕಾದೆ, ಬಿಲ್ಲಿನಲ್ಲಿ ಅಲ್ಲ.

ಎರಡು ವಿಷಯಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಾಯುತ್ತ ಕೂರಬಾರದು. ಥಟ್ಟನೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಬದುಕೇ ಬೇಡ ಅನ್ನಿಸಿದರೆ ಅವತ್ತೇ ಮನೆಯವರಿಗೂ ಡಾಕ್ಟರಿಗೂ ಹೇಳಬೇಕು.

ಹೆಸರುಗಳು ನನಗೆ ಈಗಲೂ ತಡವಾಗಿ ಬರುತ್ತವೆ. ದೊಡ್ಡ ಮೊತ್ತಗಳನ್ನು ಎರಡು ಸಲ ನೋಡುತ್ತೇನೆ, ಉಳಿದದ್ದು ಮೊದಲಿನಂತೆ. ಪರಿಚಯದವರು ಯಾರಾದರೂ ಆಪರೇಷನ್‌ಗೆ ಹೊರಟರೆ ಅವರಿಗಿಂತ ಮೊದಲು ಅವರ ಮನೆಯವರನ್ನು ಕೂರಿಸಿಕೊಂಡು ಮಾತಾಡುತ್ತೇನೆ. ಐಸಿಯುಗೆ ಕನ್ನಡಕ, ಕಿವಿಯ ಮೆಷಿನ್ ಜೊತೆಗೇ ಹೋಗಲಿ, ಹೊಸ ಮಾತ್ರೆ ಪಟ್ಟಿಯನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿ, ಮೊದಲ ತಿಂಗಳುಗಳಲ್ಲಿ ಮನೆ ಪತ್ರ, ಹಣದ ಸಹಿಯಂಥ ದೊಡ್ಡ ತೀರ್ಮಾನ ಇಟ್ಟುಕೊಳ್ಳಬೇಡಿ ಎನ್ನುತ್ತೇನೆ.