ಅತ್ಯಾಚಾರದ ನಂತರ ಸೋಂಕು ತಡೆ: ಮೊದಲ 72 ಗಂಟೆ, ಆಮೇಲಿನ 28 ದಿನ

ಸಂತ್ರಸ್ತೆಯ ಜೊತೆ ಆಸ್ಪತ್ರೆಗೆ ಹೋಗುವ ಅಮ್ಮ, ಅಕ್ಕ, ಗೆಳತಿಗಾಗಿ ಈ ಬರಹ. ಮನೆಯವರು ಕೂತು ಮಾತಾಡಿ, ಠಾಣೆಗೆ ಅಲೆದು, ಆಮೇಲೆ ಆಸ್ಪತ್ರೆ ಎನ್ನುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ಮೊದಲು ಆಸ್ಪತ್ರೆ.

1. ಯೋನಿಯ ಒಳಗೆ ತೊಳೆಯಬೇಡಿ. ಆಂಟಿಸೆಪ್ಟಿಕ್ ದ್ರಾವಣವಾಗಲಿ, ಅಂಗಡಿಯಲ್ಲಿ ಸಿಗುವ ‘ವಾಶ್’ ಆಗಲಿ ಸೋಂಕು ತಡೆಯುವುದಿಲ್ಲ. ಒಳಪೊರೆಯನ್ನು ಕೆರಳಿಸಿ ಸೋಂಕಿಗೆ ದಾರಿ ಮಾಡಿಕೊಡುತ್ತವೆ. ಸ್ನಾನ ಆಗಿಹೋಗಿದ್ದರೂ ಹೊರಡಿ.

2. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಅಥವಾ ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್. ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಲೇಬೇಕು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ಕಲಂ 397). ‘ಎಫ್‌ಐಆರ್ ತನ್ನಿ’ ಎಂದು ವಾಪಸ್ ಕಳಿಸುವಂತಿಲ್ಲ.

3. ಎಲ್ಲಕ್ಕಿಂತ ಹೆಚ್ಚು ಎಡವುವುದು ಎಚ್‌ಐವಿ ತಡೆ ಮಾತ್ರೆಯಲ್ಲಿ. ಇದಕ್ಕೆ ಪೆಪ್ ಎನ್ನುತ್ತಾರೆ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. ವೈರಸ್ ದೇಹದಲ್ಲಿ ನೆಲೆಯೂರುವ ಮೊದಲೇ ಅದನ್ನು ತಡೆಯಬೇಕು. ಅದಕ್ಕೇ 72 ಗಂಟೆಯ ಗಡುವು. ಎರಡು ಗಂಟೆಯೊಳಗೆ ಸಿಕ್ಕರೆ ಉತ್ತಮ. ರಕ್ತ ಪರೀಕ್ಷೆಯ ವರದಿಗಾಗಲಿ, ಆರೋಪಿಯ ಪರೀಕ್ಷೆಗಾಗಲಿ ಕಾಯಬಾರದು. ರಾತ್ರಿ ಅಥವಾ ಭಾನುವಾರ ‘ನಾಳೆ ಎಆರ್‌ಟಿ ಕೇಂದ್ರಕ್ಕೆ (ಎಚ್‌ಐವಿ ಚಿಕಿತ್ಸಾ ಕೇಂದ್ರ) ಬನ್ನಿ’ ಎಂದರೆ ಒಪ್ಪಬೇಡಿ. ಮೊದಲ ಡೋಸ್ ಎಮರ್ಜೆನ್ಸಿಯಲ್ಲೇ ಕೇಳಿ. ಮಳವಳ್ಳಿ, ನಾಗಮಂಗಲದವರು ತಾಲ್ಲೂಕು ಆಸ್ಪತ್ರೆಯಲ್ಲೇ ಕೇಳಿ, ಆಮೇಲೆ ಮುಂದಕ್ಕೆ ಹೋಗಿ.

ಎರಡನೇ ಎಡವಟ್ಟು ಹತ್ತನೇ ದಿನದ ಹೊತ್ತಿಗೆ ಆಗುತ್ತದೆ. ವಾಕರಿಕೆ, ತಲೆನೋವು ಬಂತೆಂದು ಮಾತ್ರೆ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ, ವಾಂತಿಗೆ ಔಷಧಿ ಕೇಳಿ. ರಾತ್ರಿ ಊಟವಾದ ಮೇಲೆ ದಿನವೂ ಒಂದೇ ಹೊತ್ತಿಗೆ ನುಂಗುವುದು ಒಳ್ಳೆಯದು. ಗ್ಯಾಸ್‌ಗೆಂದು ಕುಡಿಯುವ ಆಂಟಾಸಿಡ್, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತವೆ. ಪೆಪ್ ನುಂಗಿದ ಎರಡು ಗಂಟೆ ನಂತರವೇ ಅವನ್ನು ತೆಗೆದುಕೊಳ್ಳಿ. ಮೊದಲ ಭೇಟಿಯಲ್ಲಿ ಮೂರೇ ದಿನದ ಮಾತ್ರೆ ಕೊಟ್ಟರೆ ಉಳಿದದ್ದು ಎಲ್ಲಿ, ಯಾವತ್ತು ಸಿಗುತ್ತದೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

4. ಲೈಂಗಿಕವಾಗಿ ಹರಡುವ ಬೇರೆ ಸೋಂಕುಗಳಿಗೂ ಔಷಧಿ ಬೇಕು. ಗೊನೊರಿಯಾಕ್ಕೆ ಸೆಫ್‌ಟ್ರಿಯಾಕ್ಸೋನ್ ಇಂಜೆಕ್ಷನ್ ಒಂದು. ಬಾಯಿಗೆ ಕೊಡುವ ಸೆಫಿಕ್ಸೈಮ್ ಗಂಟಲಿನ ಸೋಂಕಿಗೆ ಅಷ್ಟಾಗಿ ಸಾಲದು, ಇಂಜೆಕ್ಷನ್ನೇ ಕೇಳಿ. ಕ್ಲಮೈಡಿಯಾಕ್ಕೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ, ದಿನಕ್ಕೆರಡು, 7 ದಿನ: ಲೋಟದ ತುಂಬ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬೇಡಿ, ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಗರ್ಭಿಣಿಯಾದರೆ ಇದರ ಬದಲು ಅಜಿಥ್ರೋಮೈಸಿನ್ 1 ಗ್ರಾಂ. ಟ್ರೈಕೊಮೊನಾಸ್‌ಗೆ ಮೆಟ್ರೊನಿಡಜೋಲ್. ಪರಿಚಯದ ಮೆಡಿಕಲ್ ಶಾಪಿನಿಂದ ಸಿಕ್ಕ ಆಂಟಿಬಯಾಟಿಕ್ ತಂದು ಕೊಡುವ ಅಡ್ಡದಾರಿ ಬೇಡ.

5. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಲ್ಲದಿದ್ದರೆ ಅಂದೇ ಒಂದು, ನಂತರ 1 ಮತ್ತು 6ನೇ ತಿಂಗಳು. ಗರ್ಭ ತಡೆಗೆ ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಒಂದೇ ಡೋಸ್. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು.

6. ಮೊದಲ ದಿನದ ನೆಗೆಟಿವ್ ವರದಿ ಹಳೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಆರನೇ ವಾರ ಮತ್ತು ಮೂರನೇ ತಿಂಗಳು ಮತ್ತೆ ಆಗಬೇಕು. ಅಲ್ಲಿಯವರೆಗೆ ರಕ್ತದಾನ ಬೇಡ, ಸಂಗಾತಿಯ ಜೊತೆ ಕಾಂಡೋಮ್ ಇರಲಿ. ದಾರಿ ತೋಚದಿದ್ದರೆ ಎಚ್‌ಐವಿ ವಿಚಾರಕ್ಕೆ 1097, ಮಹಿಳಾ ಸಹಾಯವಾಣಿ 181.