ಸ್ಟ್ಯಾಟಿಸ್ಟಿಕ್ಸ್ ಎಕ್ಸ್‌ಟ್ರಾ ಕ್ಲಾಸ್ ನಡೆಸೋದು ಹೇಗೆ: ಪೆನ್ನು ಹುಡುಗರ ಕೈಲೇ ಇರಲಿ

ಸ್ಟ್ಯಾಟಿಸ್ಟಿಕ್ಸ್‌ಗೆ ಎಕ್ಸ್‌ಟ್ರಾ ಕ್ಲಾಸ್ ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ಏನಾಗುತ್ತದೆ ಹೇಳಿ? ಬೆಳಗ್ಗೆ ಮಾಡಿದ ಪಾಠವನ್ನೇ ಸಂಜೆ ಇನ್ನೊಮ್ಮೆ, ಸ್ವಲ್ಪ ಜೋರು ದನಿಯಲ್ಲಿ ಮಾಡುತ್ತಾರೆ. ಹುಡುಗರು ಬೋರ್ಡ್ ನೋಡಿಕೊಂಡು ಇನ್ನೊಮ್ಮೆ ಬರೆದುಕೊಳ್ಳುತ್ತಾರೆ. ಬರೆದುಕೊಳ್ಳುವಾಗ ಎಲ್ಲ ಸಲೀಸು. ಹಾಸ್ಟೆಲ್‌ಗೆ ಹೋಗಿ ಅದೇ ಲೆಕ್ಕವನ್ನು ಬೇರೆ ಅಂಕಿ ಹಾಕಿ ಮಾಡಲು ಕೂತರೆ ಎರಡನೇ ಸಾಲಿಗೇ ಕೈ ನಿಲ್ಲುತ್ತದೆ. ಅಂಥ ಕ್ಲಾಸ್ ನಡೆಸೋದಕ್ಕಿಂತ ಸುಮ್ನೆ ಮನೆಗೆ ಹೋಗೋದು ವಾಸಿ.

ಇದನ್ನು ಬರೆಯುತ್ತಿರೋದು ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲೋ ತೋಳಹುಣಸೆಯ ಶಿವಗಂಗೋತ್ರಿಯಲ್ಲೋ (ದಾವಣಗೆರೆ ವಿಶ್ವವಿದ್ಯಾಲಯ) ಜೂನಿಯರ್‌ಗಳಿಗೆ ಡೌಟ್ ಕ್ಲಾಸ್ ತೆಗೆದುಕೊಳ್ಳೋಣ ಅಂದುಕೊಂಡಿರುವ ಸೀನಿಯರ್‌ಗಳಿಗೆ ಮತ್ತು ಅತಿಥಿ ಉಪನ್ಯಾಸಕರಿಗೆ. ಬಿ.ಎಸ್ಸಿ., ಬಿ.ಕಾಂ., ಬಿಬಿಎ, ಯಾವುದಾದರೂ ಆಗಲಿ. ನನ್ನ ಮಾತು ಒಂದೇ: ಹುಡುಗ ಯಾವ ಸಾಲಿನಲ್ಲಿ ನಿಂತ ಅನ್ನೋದನ್ನು ಹುಡುಕಿ. ಕ್ಲಾಸ್ ಇರೋದೇ ಅದಕ್ಕೆ.

ಮೊದಲು ಬಸ್ಸಿನ ಟೈಮ್ ನೋಡಿ

ಪಾಠ ಎಷ್ಟು ಚೆನ್ನಾಗಿದ್ದರೂ ಬಸ್ ತಪ್ಪುತ್ತದೆ ಅಂದರೆ ಯಾರೂ ಕೂರೋದಿಲ್ಲ. ದಾವಣಗೆರೆಗೆ ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ ಕಡೆಯಿಂದ ದಿನಾ ಓಡಾಡುವವರು ಜಾಸ್ತಿ. ಚಿತ್ರದುರ್ಗದಲ್ಲಾದರೆ ಚಳ್ಳಕೆರೆ, ಹೊಳಲ್ಕೆರೆ, ಹಿರಿಯೂರು. ಮೊಳಕಾಲ್ಮೂರಿನ ಕಡೆಯವರಿದ್ದರಂತೂ ಅವರು ಮಧ್ಯಾಹ್ನದಿಂದಲೇ ಗಡಿಯಾರ ನೋಡುತ್ತಿರುತ್ತಾರೆ. ಆರು ಗಂಟೆಗೆ ಕ್ಲಾಸ್ ಇಟ್ಟರೆ ಹಾಸ್ಟೆಲ್‌ನವರು, ರೂಮ್ ಮಾಡಿಕೊಂಡವರು ಮಾತ್ರ ಉಳಿಯುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ನಿಮ್ಮ ಕ್ಲಾಸ್ ಬೇಕೇ ಇರೋದಿಲ್ಲ. ಹೆಣ್ಣುಮಕ್ಕಳನ್ನು ಕತ್ತಲಾಗುವ ತನಕ ಕೂರಿಸಿಕೊಂಡರೆ ಮನೆಯಿಂದ ಫೋನ್ ಮೇಲೆ ಫೋನ್. ಹಾಗಾಗಿ ಟೈಮ್ ಟೇಬಲ್‌ನಲ್ಲಿ ಯಾವ ಪಿರಿಯಡ್ ಖಾಲಿ ಇದೆ ನೋಡಿ, ಅಥವಾ ಕೊನೆ ಪಿರಿಯಡ್ ಮುಗಿದ ಕೂಡಲೇ ಶುರು ಮಾಡಿ. ಒಂದು ಗಂಟೆ ಸಾಕು. ಭಾನುವಾರ ಬೇಡ.

ಹೆಚ್ಓಡಿ ಹತ್ತಿರ ಒಂದು ಮಾತು ಕೇಳಿ ರೂಮ್ ತೆಗೆದುಕೊಳ್ಳಿ. ಬೆಂಚುಗಳನ್ನು ಎದುರುಬದುರು ಎಳೆದು ಹಾಕಿಕೊಳ್ಳಿ. ಒಬ್ಬರ ಕೈಯಲ್ಲಿ ಎಂಟು-ಹತ್ತು ಜನಕ್ಕಿಂತ ಜಾಸ್ತಿ ಬೇಡ, ಜಾಸ್ತಿಯಾದರೆ ನಿಮಗೇ ಗೊತ್ತಿಲ್ಲದ ಹಾಗೆ ಬೋರ್ಡ್ ಕಡೆ ಹೋಗಿ ಪಾಠ ಶುರು ಮಾಡಿರುತ್ತೀರಿ. ನಲವತ್ತು ಜನ ಬಂದರೆ ಇನ್ನೂ ಮೂರು ಸೀನಿಯರ್‌ಗಳನ್ನು ಕರೆಯಿರಿ. ದುಡ್ಡು ತಗೋಬೇಡಿ, ಹಾಜರಿ ಹಾಕಬೇಡಿ.

"ಅರ್ಥ ಆಯ್ತಾ?" ಅಂತ ಕೇಳಬೇಡಿ

ಕೇಳಿದರೆ ಬರುವ ಉತ್ತರ ನಿಮಗೂ ಗೊತ್ತು. "ಹೂಂ ಸರ್." ಇಡೀ ಬೆಂಚು ಒಟ್ಟಿಗೆ. ಅದರ ಬದಲು "ಎಲ್ಲಿವರೆಗೂ ಬಂದಿದೀಯ, ತೋರಿಸು" ಅನ್ನಿ. ಪುಸ್ತಕ ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ, ಪೆನ್ನಂತೂ ಮುಟ್ಟಲೇಬೇಡಿ. ಸೀನಿಯರ್ ಪೆನ್ನು ಹಿಡಿದ ಅಂದರೆ ಲೆಕ್ಕ ಸೀನಿಯರ್‌ದಾಯಿತು.

ವಾಟ್ಸಾಪ್ ಗುಂಪು ಹೇಗೂ ಮಾಡುತ್ತೀರಿ. ಅದಕ್ಕೊಂದು ನಿಯಮ ಇರಲಿ. ಹಿಂದಿನ ರಾತ್ರಿಯೊಳಗೆ ಪ್ರತಿಯೊಬ್ಬರೂ ತಾವು ಅರ್ಧಕ್ಕೆ ನಿಲ್ಲಿಸಿದ ಒಂದು ಲೆಕ್ಕದ ಫೋಟೋ ಹಾಕಬೇಕು. ತಪ್ಪಿದ್ದರೂ ಸರಿ, ಎರಡೇ ಸಾಲಿದ್ದರೂ ಸರಿ, ಆದರೆ ಅವರ ಕೈಬರಹದಲ್ಲೇ ಇರಬೇಕು. "ಅಕ್ಕಾ, ಸೆಕೆಂಡ್ ಯೂನಿಟ್ ಪೂರ್ತಿ ಗೊತ್ತಿಲ್ಲ" ಅನ್ನುವ ಮೆಸೇಜಿಗೆ ಉತ್ತರ ಕೊಡಬೇಡಿ, ಒಂದು ಲೆಕ್ಕ ಹಾಕಿ ಕಳಿಸು ಅನ್ನಿ. ಗುಂಪಿನಲ್ಲಿ ಪೂರ್ತಿ ಉತ್ತರ ಬರೆದು ಹಾಕುವ ಜಾಣರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರನ್ನು ಪಕ್ಕಕ್ಕೆ ಕರೆದು ಹೇಳಿ. ಈ ಫೋಟೋಗಳನ್ನು ಒಟ್ಟಿಗೆ ನೋಡಿದರೆ ನಾಳೆ ಏನು ಮಾಡಬೇಕು ಅನ್ನೋದು ತಾನಾಗೇ ಗೊತ್ತಾಗುತ್ತದೆ, ಯಾಕೆಂದರೆ ಹತ್ತು ಜನರಲ್ಲಿ ಆರು ಜನ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿರುತ್ತಾರೆ.

ಮಾತು ಕನ್ನಡದಲ್ಲಿರಲಿ, ಉತ್ತರ ಪರೀಕ್ಷೆಯಲ್ಲಿ ಯಾವ ಭಾಷೆಯಲ್ಲಿ ಬರೆಯಬೇಕೋ ಅದರಲ್ಲಿ ಬರೆಸಿ.

ನಿಲ್ಲುವ ಜಾಗಗಳು

ಪಿಯುಸಿಯಲ್ಲಿ ಗಣಿತ ಇಲ್ಲದವರು ನಿಲ್ಲೋದು 'ಕೂಡಿಸು' ಅನ್ನುವ ಸಿಗ್ಮಾ ಚಿಹ್ನೆಯ ಹತ್ತಿರ. ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಕಷ್ಟ ಅನ್ನುತ್ತಾರೆ, ಬಿಡಿಸಿ ನೋಡಿದರೆ ತೊಂದರೆ ಅದಲ್ಲ. 2, 3, 5 ಅಂತ ಮೂರು ಸಂಖ್ಯೆ ಕೊಡಿ. ಒಂದೊಂದರ ವರ್ಗ ಮಾಡಿ ಕೂಡಿಸಿದರೆ 38. ಮೊದಲು ಕೂಡಿಸಿ ಆಮೇಲೆ ವರ್ಗ ಮಾಡಿದರೆ 100. ಎರಡನ್ನೂ ಅವರ ಕೈಯಲ್ಲೇ ಮಾಡಿಸಿ. ಕೋರಿಲೇಶನ್, ರಿಗ್ರೆಶನ್ ಸೂತ್ರಗಳಲ್ಲೆಲ್ಲ ಈ ಎರಡೂ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಇಲ್ಲಿ ಸರಿಯಾಗದವರು ಅಲ್ಲೂ ಸರಿಯಾಗೋದಿಲ್ಲ. ಜೊತೆಗೆ ಉತ್ತರ ಬಂದ ಮೇಲೆ ಅದರ ಮುಖ ನೋಡುವ ಅಭ್ಯಾಸ ಮಾಡಿಸಿ. ವೇರಿಯನ್ಸ್ ಮೈನಸ್ ಬರೋಕಾಗಲ್ಲ, ಕೋರಿಲೇಶನ್ 1 ದಾಟೋಕಾಗಲ್ಲ. ವೇರಿಯನ್ಸ್ ಮೈನಸ್ ಬಂದಿದೆ, ಕೋರಿಲೇಶನ್ 1.3 ಬಂದಿದೆ, ಆದರೂ ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ!

ಆಮೇಲೆ ಕ್ಯಾಲ್ಕುಲೇಟರ್. ಇದಕ್ಕೆ ಒಂದು ದಿನ ಪೂರ್ತಿ ಕೊಟ್ಟರೂ ನಷ್ಟವಿಲ್ಲ. ಹುಡುಗರ ಹತ್ತಿರ ಹೆಚ್ಚಾಗಿ ಕಾಣುವ ಕ್ಯಾಸಿಯೋ ಎಫ್‌ಎಕ್ಸ್-82ಎಂಎಸ್‌ನಲ್ಲಿ ಮೋಡ್ ಒತ್ತಿ 2 ಒತ್ತಿದರೆ ಎಸ್‌ಡಿ ಮೋಡ್ ಬರುತ್ತದೆ. ಪ್ರತಿ ಸಂಖ್ಯೆ ಹಾಕಿ ಎಂ ಪ್ಲಸ್ ಒತ್ತುತ್ತಾ ಹೋಗಬೇಕು. ಶಿಫ್ಟ್ 2 ಒತ್ತಿದರೆ ಮೂರು ಆಯ್ಕೆ ಕಾಣುತ್ತವೆ: ಒಂದನೆಯದು ಸರಾಸರಿ, ಎರಡನೆಯದು ಎನ್‌ನಿಂದ (ಒಟ್ಟು ಎಷ್ಟು ಅಂಕಿಗಳಿವೆಯೋ ಅದರಿಂದ) ಭಾಗಿಸಿದ ಸ್ಟ್ಯಾಂಡರ್ಡ್ ಡೀವಿಯೇಶನ್, ಮೂರನೆಯದು ಎನ್ ಮೈನಸ್ ಒಂದರಿಂದ ಭಾಗಿಸಿದ್ದು. ಅರ್ಧ ಕ್ಲಾಸ್ ಎರಡನೆಯದನ್ನು ಒತ್ತಿರುತ್ತದೆ, ಉಳಿದರ್ಧ ಮೂರನೆಯದನ್ನು, ಆಮೇಲೆ ಇಬ್ಬರೂ ಕ್ಯಾಲ್ಕುಲೇಟರ್ ಸರಿ ಇಲ್ಲ ಅನ್ನುತ್ತಾರೆ. ಅದಕ್ಕಿಂತ ದೊಡ್ಡ ಕಾಟ ಇನ್ನೊಂದಿದೆ. ಹಳೇ ಲೆಕ್ಕದ ಅಂಕಿಗಳನ್ನು ಅಳಿಸದೆ ಹೊಸದನ್ನು ತುಂಬೋದು. ಶುರು ಮಾಡುವ ಮೊದಲು ಶಿಫ್ಟ್, ಮೋಡ್, 1, ಆಮೇಲೆ ಈಕ್ವಲ್. ಇದನ್ನು ಬೆರಳಿಗೆ ಅಭ್ಯಾಸ ಆಗುವ ತನಕ ಮಾಡಿಸಿ. ಎಕ್ಸೆಲ್‌ನಲ್ಲೂ ಇದೇ ಎರಡು ಬಗೆ ಇದೆ, ಸ್ಟ್‌ಡೆವ್ ಡಾಟ್ ಪಿ ಮತ್ತು ಡಾಟ್ ಎಸ್. ಪ್ರಾಜೆಕ್ಟ್ ಮಾಡುವವರಿಗೆ ಹೇಳಿ ಬಿಡಿ, ಸಾಕು.

ಟಿ-ಟೆಸ್ಟ್‌ಗೆ ಒಂದು ಚೀಲ ಮೆಕ್ಕೆಜೋಳ

ಒಂದು ಗಂಟೆಗೆ ಒಂದೇ ಲೆಕ್ಕ ಸಾಕು, ಅದು ಸರಿಯಾದ ಲೆಕ್ಕ ಆಗಿದ್ದರೆ. ನಾನು ಕೊಡೋದು ಇದನ್ನು. ಮೆಕ್ಕೆಜೋಳದ ಚೀಲ 50 ಕೆ.ಜಿ. ಅಂತ ಒಬ್ಬರು ಹೇಳುತ್ತಾರೆ. ಎಪಿಎಂಸಿಯಲ್ಲಿ 16 ಚೀಲ ತೂಗಿದೆವು ಅಂತ ಇಟ್ಟುಕೊಳ್ಳಿ. ಸರಾಸರಿ 49.2 ಕೆ.ಜಿ., ಸ್ಟ್ಯಾಂಡರ್ಡ್ ಡೀವಿಯೇಶನ್ 1.6, 15ರಿಂದ ಭಾಗಿಸಿ ತೆಗೆದದ್ದು. ಅಂಕಿಗಳು ಲೆಕ್ಕಕ್ಕೆಂದು ಕಟ್ಟಿದವು, ಯಾವ ಅಂಗಡಿಯವೂ ಅಲ್ಲ. 50 ಕೆ.ಜಿ. ಅನ್ನುವ ಮಾತನ್ನು ನಂಬಬಹುದಾ? ಐದು ಪರ್ಸೆಂಟ್ ಮಟ್ಟದಲ್ಲಿ ನೋಡಿ.

ಇಷ್ಟು ಹೇಳಿ ಬಾಯಿ ಮುಚ್ಚಿಕೊಂಡು ಕೂತುಬಿಡಿ. ಹತ್ತು ನಿಮಿಷ.

ಲೆಕ್ಕ ಚಿಕ್ಕದು. ವ್ಯತ್ಯಾಸ ಮೈನಸ್ 0.8. ಕೆಳಗೆ 1.6ನ್ನು 16ರ ವರ್ಗಮೂಲ 4ರಿಂದ ಭಾಗಿಸಿದರೆ 0.4. ಟಿ ಬೆಲೆ ಮೈನಸ್ 2. ಇಲ್ಲಿವರೆಗೂ ಎಲ್ಲರೂ ಬರುತ್ತಾರೆ. ಟೇಬಲ್ ತೆಗೆದಾಗ ಜಗಳ ಶುರು. ಒಬ್ಬ ಝಡ್ ಟೇಬಲ್‌ನ 1.96 ಹಿಡಿದು, 2 ಅದಕ್ಕಿಂತ ದೊಡ್ಡದು, ನಲ್ ಹೈಪಾಥಿಸಿಸ್ (ಇಲ್ಲಿ, ಚೀಲ 50 ಕೆ.ಜಿ. ಅನ್ನುವ ಮಾತು) ರಿಜೆಕ್ಟ್ ಅನ್ನುತ್ತಾನೆ. ಇನ್ನೊಬ್ಬಳು ಟಿ ಟೇಬಲ್‌ನಲ್ಲಿ 15 ಡಿಗ್ರಿ ಆಫ್ ಫ್ರೀಡಂಗೆ ಟೂ ಟೇಲ್ 2.131 ನೋಡಿ, ರಿಜೆಕ್ಟ್ ಮಾಡೋಕಾಗಲ್ಲ ಅನ್ನುತ್ತಾಳೆ. ಮೂರನೆಯವನು ಒನ್ ಟೇಲ್ 1.753 ತೆಗೆದು ಮತ್ತೆ ರಿಜೆಕ್ಟ್ ಅನ್ನುತ್ತಾನೆ. ಒಂದೇ ಚೀಲ, ಒಂದೇ ತೂಕ, ಮೂರು ಜನ, ಎರಡು ತೀರ್ಪು. ಈಗ ನೀವು ಬಾಯಿ ಬಿಡಿ, ಅದೂ ಪ್ರಶ್ನೆ ಕೇಳೋಕೆ ಮಾತ್ರ. ಚೀಲ ಎಷ್ಟು? ಹದಿನಾರೇ. ಪಾಪ್ಯುಲೇಶನ್‌ದು ಸ್ಟ್ಯಾಂಡರ್ಡ್ ಡೀವಿಯೇಶನ್ ಗೊತ್ತಿತ್ತಾ, ಸ್ಯಾಂಪಲ್‌ನಿಂದ ತೆಗೆದದ್ದಾ? ಸ್ಯಾಂಪಲ್‌ನಿಂದ. ಹಾಗಾದರೆ ಝಡ್ ಹುಡುಗ ಹೊರಗೆ. ಉಳಿದಿಬ್ಬರ ಜಗಳ ಮಜವಾದದ್ದು. ಪ್ರಶ್ನೆ ಕೇಳುತ್ತಿರೋದು ಯಾರು? ಚೀಲ ಕೊಳ್ಳುವ ಮನುಷ್ಯನಿಗೆ ತೂಕ ಕಮ್ಮಿ ಇದೆಯಾ ಅನ್ನೋದಷ್ಟೇ ಅನುಮಾನ, ಅವನದು ಒನ್ ಟೇಲ್. ಚೀಲ ತುಂಬುವ ಯಂತ್ರ ನೋಡಿಕೊಳ್ಳುವವನಿಗೆ ಜಾಸ್ತಿಯಾದರೂ ನಷ್ಟ, ಕಮ್ಮಿಯಾದರೂ ಮಾತು ಕೇಳಬೇಕು. ಅವನದು ಟೂ ಟೇಲ್. ಯಾವುದು ಅನ್ನೋದನ್ನು ತೂಗುವ ಮೊದಲೇ ತೀರ್ಮಾನಿಸಿರಬೇಕು, ಉತ್ತರ ನೋಡಿಕೊಂಡು ಟೇಲ್ ಆರಿಸೋದು ಮೋಸ. ಲೆಕ್ಕದಲ್ಲಿ "ಬೇರೆಯಾಗಿದೆಯೇ" ಅಂತಿದೆಯೋ "ಕಡಿಮೆಯೇ" ಅಂತಿದೆಯೋ ನೋಡಿ ಅಂತ ಸಾವಿರ ಸಲ ಹೇಳಿದರೂ ತಲೆಗೆ ಹೋಗದ್ದು ಈ ಜಗಳದಲ್ಲಿ ಹೋಗುತ್ತದೆ.

ಇನ್ನೊಂದು ಗೊಂದಲ ಇದೇ ಲೆಕ್ಕದಲ್ಲಿ ಏಳುತ್ತದೆ. ಕೆಲವು ಪುಸ್ತಕಗಳಲ್ಲಿ ಸೂತ್ರದ ಕೆಳಗೆ ಎನ್‌ನ ವರ್ಗಮೂಲ ಇರುತ್ತದೆ, ಕೆಲವದರಲ್ಲಿ ಎನ್ ಮೈನಸ್ ಒಂದರ ವರ್ಗಮೂಲ. ಎರಡೂ ಸರಿ. ಎನ್‌ನಿಂದ ಭಾಗಿಸಿ ತೆಗೆದರೆ ಡೀವಿಯೇಶನ್ 1.549 ಬರುತ್ತದೆ, ಅದನ್ನು 15ರ ವರ್ಗಮೂಲದಿಂದ ಭಾಗಿಸಿದರೆ ಮತ್ತೆ ಅದೇ 0.4, ಅದೇ ಮೈನಸ್ 2. ಇದರ ತಲೆ ಅದಕ್ಕೆ, ಅದರ ಬಾಲ ಇದಕ್ಕೆ ಹಾಕಿದರೆ ಮಾತ್ರ 1.94 ಅಂತಲೋ 2.07 ಅಂತಲೋ ಬರುತ್ತದೆ. ಯಾರದಾದರೂ ಪುಸ್ತಕದಲ್ಲಿ ಆ ಸಂಖ್ಯೆ ಕಂಡರೆ ತಪ್ಪು ಎಲ್ಲಾಗಿದೆ ಅಂತ ದೂರದಿಂದಲೇ ಹೇಳಬಹುದು.

ಕೊನೆಯ ಸಾಲು "ಅಕ್ಸೆಪ್ಟ್" ಅಂತ ಬರೆಯೋಕೆ ಬಿಡಬೇಡಿ. ತಳ್ಳಿಹಾಕುವಷ್ಟು ಸಾಕ್ಷಿ ಸಿಕ್ಕಿಲ್ಲ, ಅಷ್ಟೇ. ಅಂದಹಾಗೆ ಈ ಟಿ-ಟೆಸ್ಟ್ ಹುಟ್ಟಿದ್ದೇ ಇಂಥ ಕೆಲಸದಿಂದ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ಗಾಸೆಟ್ ಸಣ್ಣ ಸ್ಯಾಂಪಲ್‌ಗಳ ಕಾಟಕ್ಕೆ ಇದನ್ನು ಕಂಡುಹಿಡಿದು, 1908ರಲ್ಲಿ 'ಸ್ಟೂಡೆಂಟ್' ಅನ್ನುವ ಹೆಸರಲ್ಲಿ ಪ್ರಕಟಿಸಿದ.

ಪ್ರಾಬಬಿಲಿಟಿಗೆ ಮಾರಿಕಣಿವೆ

ಕೆಂಪು ಚೆಂಡು, ನೀಲಿ ಚೆಂಡು ಸಾಕಾಗಿ ಹೋಗಿದೆ ಅಲ್ವಾ? ದುರ್ಗದ ಕಡೆಯವರಿಗೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಕೊಡಿ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟೆ. 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಆದಮೇಲೆ. ಹಾಗಾದರೆ ಒಂದು ವರ್ಷದಲ್ಲಿ ಕೋಡಿ ಬೀಳುವ ಸಂಭವ 89ರಲ್ಲಿ ಒಂದು ಅನ್ನಬಹುದಾ ಅಂತ ಕೇಳಿ. ಹೂಂ ಅನ್ನುತ್ತಾರೆ. ಆಮೇಲೆ 2025ರ ಜನವರಿಯಲ್ಲೇ ಮತ್ತೆ ಕೋಡಿ ಬಿತ್ತಲ್ಲ, ಅದು ಹೇಗೆ ಅನ್ನಿ. ಆಗ ಯಾರಾದರೂ ಹಿರಿಯೂರಿನವರು ಹೇಳಿಯೇ ಹೇಳುತ್ತಾರೆ, ಹೋದ ವರ್ಷದ ನೀರು ಡ್ಯಾಮಿನಲ್ಲೇ ಉಳಿದಿರುತ್ತದಲ್ಲ ಸರ್, ಈಗ ಭದ್ರಾ ನೀರೂ ಬರುತ್ತೆ. ಅದೇ ಬೇಕಾಗಿದ್ದದ್ದು. ಒಂದು ವರ್ಷ ಇನ್ನೊಂದು ವರ್ಷದಿಂದ ಸ್ವತಂತ್ರವಾಗಿಲ್ಲ. ಹಳೇ ದಾಖಲೆ ಬಂದ ಪರಿಸ್ಥಿತಿಯೂ ಈಗಿಲ್ಲ. ಇಂಡಿಪೆಂಡೆನ್ಸ್ ಇಲ್ಲದ ಕಡೆ ಬೈನಾಮಿಯಲ್ ಹಾಕಬಾರದು ಅನ್ನೋದನ್ನು ಸೂತ್ರ ಬರೆಯದೇ ಹೇಳಿಕೊಟ್ಟ ಹಾಗಾಯಿತು.

ಎಂ.ಎಸ್ಸಿ.ಯವರು ಎಸ್ಟಿಮೇಶನ್ ಬಂದಾಗ ಇದೆಲ್ಲ ನಮ್ಮಂಥವರಿಗಲ್ಲ ಅಂತ ಮುಖ ಸಣ್ಣ ಮಾಡುತ್ತಾರೆ. ಅಂದಾಜಿನ ವೇರಿಯನ್ಸ್ ಎಷ್ಟಕ್ಕಿಂತ ಕಮ್ಮಿ ಆಗಲಾರದು ಅಂತ ಹೇಳುವ ಕ್ರಾಮರ್-ರಾವ್ ಸೂತ್ರದಲ್ಲಿನ ರಾವ್, ಅಂದರೆ ಸಿ.ಆರ್. ರಾವ್, 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯಲ್ಲಿ. ಹರಪನಹಳ್ಳಿ ದಾಟಿ ಹೋದರೆ ಅದೇ ಊರು. ಮೊದಲು ಓದಿದ್ದು ಆಂಧ್ರದ ಕಡೆ, ಆ ಸೂತ್ರದ ಲೇಖನ ಬರೆದದ್ದು 1945ರಲ್ಲಿ. ಹರಪನಹಳ್ಳಿ ಬಸ್ಸಿಗೆ ಹೋಗುವ ಹುಡುಗನಿಗೆ ಇದನ್ನು ಹೇಳಿ ನೋಡಿ, ಕೂತ ಭಂಗಿಯೇ ಬದಲಾಗುತ್ತದೆ.

ಪರೀಕ್ಷೆ ಹತ್ತಿರ ಬಂದಾಗ

ಆಗ ಜನ ಒಮ್ಮೆಗೇ ಜಾಸ್ತಿಯಾಗುತ್ತಾರೆ, "ಇಂಪಾರ್ಟೆಂಟ್ ಹೇಳ್ರೀ ಸರ್" ಅಂತ. ಹೇಳಬೇಡಿ. ಹಳೇ ಪ್ರಶ್ನೆಪತ್ರಿಕೆಯಿಂದ ಒಂದು ಲೆಕ್ಕ ಕೊಟ್ಟು ಗಡಿಯಾರ ಇಟ್ಟು ಮಾಡಿಸಿ. ಬ್ಯಾಕ್‌ಲಾಗ್ ಇರುವವರನ್ನು ಬೇರೆ ದಿನ ಕರೆಯಿರಿ, ಜೂನಿಯರ್‌ಗಳ ಮುಂದೆ ಅವರು ಬಾಯಿ ಬಿಡೋದಿಲ್ಲ. ಮಧ್ಯೆ ಹತ್ತು ನಿಮಿಷ ಮಂಡಕ್ಕಿ-ಮಿರ್ಚಿಗೆ ಬಿಟ್ಟರೆ ವಾಪಸ್ ಬರೋದು ಅರ್ಧ ಗಂಟೆಗೆ, ಅದಕ್ಕೆ ಕ್ಲಾಸ್ ಮುಗಿದ ಮೇಲೇ ತಿನ್ನಿ. ಝಡ್, ಟಿ, ಕೈ-ಸ್ಕ್ವೇರ್ ಟೇಬಲ್‌ಗಳ ಜೆರಾಕ್ಸ್ ಎಲ್ಲರ ಕೈಗೂ ಕೊಟ್ಟು, ಪರೀಕ್ಷೆಯಲ್ಲಿ ಯಾವ ಟೇಬಲ್ ಕೊಡುತ್ತಾರೋ ಅದೇ ಮಾದರಿಯದನ್ನು ಕೊಡಿ. ಕೆಲವು ಟಿ ಟೇಬಲ್‌ಗಳಲ್ಲಿ ಮೇಲೆ ಒನ್ ಟೇಲ್‌ದು ಬರೆದಿರುತ್ತದೆ, ಕೆಲವದರಲ್ಲಿ ಟೂ ಟೇಲ್‌ದು. ತಮ್ಮ ಕೈಲಿರುವುದು ಯಾವುದು ಅಂತ ತಿಳಿಯಬೇಕಾದರೆ 15ರ ಸಾಲಿನಲ್ಲಿ 0.05ರ ಕೆಳಗೆ ನೋಡಲಿ: 1.753 ಇದ್ದರೆ ಒನ್ ಟೇಲ್, 2.131 ಇದ್ದರೆ ಟೂ ಟೇಲ್.